ನೀಲಿ ಗುಡಾಣದ ಸೊಸೆ

"ಅಜ್ಜಾವರೇ, ದಿನವಿಡೀ ಗೊಣಗುವವನಿಗೆ ವಿದ್ಯೆ ಹತ್ತುತ್ತದೆಯೇ?" ಎಂದು ಚನ್ನವೀರ ತನ್ನ ಗುರುಗಳನ್ನು ಕೇಳಿದ.

ಯಾರ ವಿಷಯ ಎಂದು ಗುರುಗಳು ಕೇಳಲಿಲ್ಲ. ಆ ಮಠದಲ್ಲಿ ಗೊಣಗುವವನು ಒಬ್ಬನೇ, ಹಿರಿಯ ಶಿಷ್ಯ ಕೊಟ್ರಯ್ಯ. ಇಪ್ಪತ್ತು ವರ್ಷದಿಂದ ಗುರುಗಳ ಬಳಿ ಇದ್ದವನು. ಚನ್ನವೀರ ಬಂದು ಇನ್ನೂ ಒಂದು ವರ್ಷ. ಅಷ್ಟರಲ್ಲೇ ಅವನಿಗೆ ಸಾಕುಸಾಕಾಗಿತ್ತು. ಪತ್ರ ಬಂದರೆ ಕೊಟ್ರಯ್ಯ, ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯುತ್ತಲೇ ಅದನ್ನು ಗಟ್ಟಿಯಾಗಿ ಓದುತ್ತಾನೆ. ಭಕ್ತರು ಬಾಗಿಲಿಗೆ ಬಂದರೆ, ಇವರು ಮತ್ತೆ ಬಂದರು ಎಂದು ಹೆಸರು ಹಿಡಿದು ಗೊಣಗುತ್ತಾನೆ. ಗುರುಗಳ ಜೊತೆ ನಡೆಯುವಾಗ ಮೆಟ್ಟಿಲಿಗೂ ಅವನ ಬೈಗುಳ ತಪ್ಪಿದ್ದಲ್ಲ. ಮೌನ ದೊಡ್ಡದು ಎಂದು ಪಾಠ ಹೇಳುವ ತಾವು ಒಂದು ಮಾತು ಹೇಳಿ ಅವನ ಬಾಯಿ ಮುಚ್ಚಿಸಬಾರದೇ ಎಂದು ಚನ್ನವೀರ ಬೇಡಿಕೊಂಡ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಚೀನಾದ ದಕ್ಷಿಣದ ಬೆಟ್ಟಗಳಲ್ಲಿ ಹಕ್ಕಾ ಎಂಬ ಜನ ಇದ್ದಾರೆ. ನಾನು ಆ ಕಡೆ ಹೋದವನಲ್ಲ. ಹೋಗಿ ಬಂದ ಭಕ್ತರೊಬ್ಬರು ಹೇಳಿದ್ದು. ನಡುವೆ ನನ್ನ ನಾಲ್ಕು ಮಾತೂ ಸೇರಿರಬಹುದು, ಕತೆ ಎಂದಮೇಲೆ ಅಷ್ಟು ಇದ್ದದ್ದೇ. ಅಲ್ಲಿಯವರ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಅತ್ತೆ, ಮಗ, ಸೊಸೆ ಎಂದುಕೊಳ್ಳೋಣ, ಸಾಕು.

ಆ ಮನೆಯವರು ತಲೆತಲಾಂತರದಿಂದ ಬಟ್ಟೆಗೆ ನೀಲಿ ಹಾಕುವವರು. ಹಿತ್ತಲಲ್ಲಿ ನೀಲಿ ಗಿಡ, ಚಪ್ಪರ ಹಾಕಿದ ಕಟ್ಟೆಯ ಮೇಲೆ ಸೊಂಟದೆತ್ತರದ ಮಣ್ಣಿನ ಗುಡಾಣ. ಎಲೆಯಿಂದ ತೆಗೆದ ನೀಲಿಯನ್ನು ಬೂದಿನೀರಿನಲ್ಲಿ ಕಲಸಿ ಆ ಗುಡಾಣದಲ್ಲಿ ಹುಳಿ ಬರಿಸುತ್ತಾರೆ. ನಮ್ಮ ದೋಸೆ ಹಿಟ್ಟಿನ ಹಾಗೆ ಅದಕ್ಕೂ ಜೀವ ಇದೆ. ಒಂದು ದಿನ ಎದ್ದಿರುತ್ತದೆ, ಇನ್ನೊಂದು ದಿನ ಮಲಗಿರುತ್ತದೆ. ಎದ್ದ ದಿನ ಅದ್ದಿದ ಬಟ್ಟೆ ಹಸಿರಾಗಿ ಹೊರಗೆ ಬಂದು, ಗಾಳಿ ತಾಗುತ್ತಲೇ ನೀಲಿಯಾಗುತ್ತದೆ. ಮಲಗಿದ ದಿನ ಅದ್ದಿದರೆ ಬಟ್ಟೆಯೂ ಕೆಟ್ಟಿತು, ಗುಡಾಣವೂ ಕೆಟ್ಟಿತು.

ಎದ್ದಿದೆಯೋ ಮಲಗಿದೆಯೋ ಎಂದು ತಿಳಿಯುವುದು ವಾಸನೆಯಿಂದ. ಕೊಳೆತ ಮೀನಿನ ನಾತ ಬಂದರೆ ಸುಣ್ಣ ಹಾಕಬೇಕು. ಬರೀ ಸುಣ್ಣದ ಘಾಟು ಬಂದರೆ ಅಕ್ಕಿಯ ಹೆಂಡ ಹುಯ್ಯಬೇಕು. ಹೆಂಡ ಎಂದ ಕೂಡಲೇ ನೀನು ಮುಖ ಕಿವುಚಿರಬೇಕು. ಕುಡಿಯುವುದು ಗುಡಾಣ, ಮನುಷ್ಯರಲ್ಲ. ಹದವಾಗಿದ್ದರೆ ಒಣಹುಲ್ಲಿನ ವಾಸನೆ ಬರುತ್ತದೆ. ನೊರೆ ನೋಡಿಯೂ ಹೇಳಬಹುದು. ಆದರೆ ನೊರೆ ಹೇಳುವಷ್ಟರಲ್ಲಿ ಒಂದು ದಿನ ತಡವಾಗಿರುತ್ತದೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ವಾಸನೆ ಹಿಡಿಯಬಲ್ಲವರ ಕೈಯಲ್ಲೇ ಗುಡಾಣ ಕಲಕುವ ಬಿದಿರಿನ ಕೋಲು ಇರಬೇಕು. ವಯಸ್ಸಾಗಿ ಮೂಗು ಸೋತರೆ ಕೋಲನ್ನು ಮುಂದಿನವರಿಗೆ ಕೊಟ್ಟು ಚಪ್ಪರದಿಂದ ಇಳಿದು ಹೋಗಬೇಕು. ಅತ್ತೆಯ ಅತ್ತೆ ಹಾಗೆ ಇಳಿದು ಹೋಗಿ ಒಲೆಯ ಪಕ್ಕ ಕೂತವರು ಒಂದು ಮಳೆಗಾಲವನ್ನೂ ಪೂರ್ತಿ ನೋಡಲಿಲ್ಲ. ಈ ಅತ್ತೆ ಅಂದಿನಿಂದ ನಲವತ್ತು ವರ್ಷ ಆ ಕೋಲು ಹಿಡಿದಿದ್ದಳು.

ಈಗ ಅಲ್ಲಿ ನೀಲಿ ಅಂಗಿ ತೊಡುವವರು ಕಡಿಮೆ, ನೀಲಿ ಹಾಕುವುದನ್ನು ನೋಡಲು ಬರುವವರು ಹೆಚ್ಚು. ಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಾರೆ. ಬಿಳಿ ಕರವಸ್ತ್ರಕ್ಕೆ ದಾರ ಬಿಗಿದು, ಕೈಗವಸು ಹಾಕಿಕೊಂಡು, ತಾವೇ ಅದ್ದಿ ತೆಗೆಯುತ್ತಾರೆ. ದಾರ ಬಿಚ್ಚಿದರೆ ನೀಲಿಯ ನಡುವೆ ಬಿಳಿ ಹೂವು. ದೊಡ್ಡವರೂ ಚಿಕ್ಕ ಮಕ್ಕಳ ಹಾಗೆ ಕುಣಿಯುತ್ತಾರಂತೆ. ಆಮೇಲೆ ಊಟ ಮಾಡಿ ಬಸ್ಸು ಹತ್ತುತ್ತಾರೆ.

ಆದರೆ ಅವರಿಗೆ ಎಲ್ಲಕ್ಕಿಂತ ಮೆಚ್ಚುಗೆ ಅತ್ತೆಯದು. ಅವಳು ಎಲ್ಲರ ಮುಂದೆ ಗುಡಾಣಕ್ಕೆ ಬಗ್ಗಿ ಮೂಸಿ, 'ಎದ್ದಿದೆ' ಎಂದರೆ ಚಪ್ಪಾಳೆ. 'ಮಲಗಿದೆ' ಎಂದರೆ ಆ ದಿನ ಯಾರೂ ಬಟ್ಟೆ ಅದ್ದುವಂತಿಲ್ಲ. ಬಂದವರಿಂದ ಎಲೆ ಕೊಯ್ಯಿಸಿ, ಊಟ ಹಾಕಿ ಕಳಿಸುತ್ತಿದ್ದರು.

ಒಂದು ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೋಲು ಬಿಡಬೇಕು, ಚಪ್ಪರ ಇಳಿಯಬೇಕು. ನೊರೆ ನೋಡಿ ಅಂದಾಜಿನ ಮೇಲೆ ಹೇಳತೊಡಗಿದಳು. ಒಂದು ಸಲ ಬಂದವರ ಕರವಸ್ತ್ರಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದವು. ಚಳಿ ಹೆಚ್ಚಾಯಿತು ಎಂದು ಹೇಳಿ ಪಾರಾದಳು.

ಕೆಲವು ದಿನಗಳ ಮೇಲೆ ಸೊಸೆ ಅಂಗಳದಲ್ಲಿದ್ದಾಗ ಅನ್ನ ಸೀಯುವ ವಾಸನೆ ಬಂತು. ಒಳಗೆ ಓಡಿದರೆ ಅತ್ತೆ ಒಲೆಗೆ ಬೆನ್ನು ಹಾಕಿ, ಮಾರು ದೂರದಲ್ಲಿ ಕೂತು ದಾರ ಸುತ್ತುತ್ತಿದ್ದಾಳೆ. ಸೊಸೆ ಸದ್ದಿಲ್ಲದೆ ಪಾತ್ರೆ ಇಳಿಸಿದಳು. ಊಟದ ಹೊತ್ತಿಗೆ ಗಂಡ ಕೇಳಿದಾಗ, ನಾನೇ ಮರೆತೆ ಎಂದಳು.

ಮರುದಿನ ಬೆಳಿಗ್ಗೆಯಿಂದ ಅವಳು ಗೊಣಗಲು ಶುರುಮಾಡಿದಳು. ಚಪ್ಪರದ ಹತ್ತಿರ ಬಂದು ಸೆರಗೋ ತೋಳೋ ಏನಿತ್ತೋ ಅದನ್ನು ಮೂಗಿಗೆ ಹಿಡಿದು, ಥೂ, ಕೊಳೆತ ಮೀನಿನ ನಾತ, ಇಲ್ಲಿ ಮನುಷ್ಯರು ನಿಲ್ಲುವುದು ಹೇಗೆ ಎಂದಳು. ಅತ್ತೆ ಅವಳ ಮುಖ ನೋಡಿ, ಹೋಗಿ ಸುಣ್ಣ ತಂದು ಹಾಕಿದಳು. ಎರಡು ದಿನ ಬಿಟ್ಟು ಸೊಸೆ, ಇವತ್ತು ಸುಣ್ಣದ ಘಾಟಿಗೆ ಕಣ್ಣು ಉರಿಯುತ್ತಿದೆ ಎಂದಳು. ಅತ್ತೆ ಹೆಂಡ ಹುಯ್ದಳು. ಹದ ಬಂದ ದಿನ, ಸದ್ಯ, ಇವತ್ತು ಒಣಹುಲ್ಲಿನ ಹಾಗಿದೆ, ಒಂದು ದಿನವಾದರೂ ಉಸಿರಾಡಬಹುದು ಎಂದು ಹೇಳಿ ಹೋದಳು. ಅತ್ತೆ ಬಂದವರ ಮುಂದೆ ಬಗ್ಗಿ ಮೂಸಿ, 'ಎದ್ದಿದೆ' ಎಂದಳು.

ಹೀಗೆ ಗುಡಾಣ ಮತ್ತೆ ಸರಿಹೋಯಿತು. ಸೊಸೆಯ ಹೆಸರು ಕೆಟ್ಟಿತು. ಮದುವೆಯಾಗಿ ಹನ್ನೆರಡು ವರ್ಷ ತುಟಿ ಪಿಟಕ್ಕೆನ್ನದವಳು ಈಗ ಹಿರಿಯರ ಕೆಲಸಕ್ಕೆ ಮೂಗು ಮುರಿಯುತ್ತಾಳೆ ಎಂದು ನೆರೆಹೊರೆಯವರು ಆಡಿಕೊಂಡರು. ಬಂದ ಪ್ರವಾಸಿಗರು ಅಜ್ಜಿ ದೇವರಂಥವಳು, ಸೊಸೆ ಮಾತ್ರ ಬಜಾರಿ ಎಂದು ಫೋನಿನಲ್ಲಿ ಬರೆದು ಹಾಕಿದರು. ಗಂಡ ಅದನ್ನು ಓದಿ ಸಿಟ್ಟಾದ. ನಿಜ ಹೇಳಬೇಕಾದರೆ ಅವಳು ಅತ್ತೆಯ ಗುಟ್ಟನ್ನೇ ಹೇಳಬೇಕಿತ್ತು.

ಅತ್ತೆಗೆ ಗೊತ್ತಾಗಲಿಲ್ಲವೇ ಎಂದು ನೀನು ಕೇಳಬಹುದು. ಮೊದಲ ದಿನವೇ ಗೊತ್ತಾಯಿತು ಎಂದು ನನ್ನ ಎಣಿಕೆ. ಗೊತ್ತಾಗಿಯೂ ಸುಮ್ಮನಿದ್ದಳು. ಒಲೆಯ ಪಕ್ಕದ ಆ ಜಾಗಕ್ಕೆ ಹೆದರಿದ್ದಳು. ಹೆದರಿದವರು ತಮಗಾಗಿ ಇನ್ನೊಬ್ಬರ ಹೆಸರು ಕೆಡುತ್ತಿದ್ದರೂ ನೋಡುತ್ತ ಕೂರುತ್ತಾರೆ. ಮುದಿ ವಯಸ್ಸು ಎಂದು ಅದನ್ನು ಬಿಟ್ಟುಬಿಡಲಾಗದು. ತಪ್ಪು ತಪ್ಪೇ.

ಒಂದು ದಿನ ನಲವತ್ತು ಜನ ಬರುವವರಿದ್ದರು. ಗಂಡ ಹಿಂದಿನ ದಿನವೇ ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ನಾಳೆ ನೀನು ಚಪ್ಪರದ ಕಡೆ ಕಾಲಿಡಬೇಡ, ಅಡುಗೆಮನೆಯಲ್ಲಿ ಇರು ಎಂದ. ಬೆಳಿಗ್ಗೆ ಒಂದೇ ಒಂದು ಸಲ ಹೋಗಿ ಬರುತ್ತೇನೆ ಎಂದು ಅವಳು ಅಂಗಲಾಚಿದಳು. ಯಾಕೆ ಎಂದು ಅವನು ಕೇಳಿದ. ಅವಳು ಅಕ್ಕಿ ತೊಳೆಯಲು ಎದ್ದು ಹೋದಳು.

ಬಸ್ಸು ಬಂತು. ನಲವತ್ತು ಜನ ಗುಡಾಣದ ಸುತ್ತ ನಿಂತು ಫೋನು ಎತ್ತಿ ಹಿಡಿದರು. ಸೊಸೆ ಕಾಣಲಿಲ್ಲವಲ್ಲ ಎಂದು ಅತ್ತೆ ಬಾಗಿಲ ಕಡೆ ಎರಡು ಸಲ ನೋಡಿದಳು. ಅವಳ ಕಾಟ ಇವತ್ತಿಲ್ಲ ಅಮ್ಮ, ಒಳಗೆ ಕೂರಿಸಿದ್ದೇನೆ ಎಂದು ಮಗ ಕಿವಿಯಲ್ಲಿ ಹೇಳಿದ. ಅವನು ಅದನ್ನು ತಾಯಿಯ ಮೇಲಿನ ಪ್ರೀತಿಯಿಂದಲೇ ಹೇಳಿದ.

ಅತ್ತೆ ಬಗ್ಗಿದಳು. ಉಸಿರು ಎಳೆದುಕೊಂಡಳು. ಏನೂ ಇಲ್ಲ. ನೊರೆ ನೋಡಿದಳು, ನೊರೆ ಚೆನ್ನಾಗಿತ್ತು. 'ಎದ್ದಿದೆ' ಎಂದುಬಿಡಬಹುದಿತ್ತು. ಬಟ್ಟೆ ಕೆಟ್ಟರೂ ಹಿಂದಿನಂತೆ ಏನೋ ನೆವ ಹೇಳಿ ಪಾರಾಗಬಹುದಿತ್ತು. ಕೋಲು ಅವಳ ಕೈಯಲ್ಲೇ ಉಳಿಯುತ್ತಿತ್ತು. ಬಹಳ ಹೊತ್ತು ಬಗ್ಗಿಯೇ ಇದ್ದಳಂತೆ. ಬೆನ್ನು ನೋವಿರಬೇಕು ಎಂದು ಯಾರೋ ಹಿಡಿಯಲು ಬಂದರು.

ಅವಳು ನೆಟ್ಟಗಾದಳು. "ನನಗೆ ವಾಸನೆ ಬರುವುದಿಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಚಳಿಗಾಲದಿಂದ ಬರುವುದಿಲ್ಲ. ನನ್ನ ಮೂಗನ್ನು ಅಡುಗೆಮನೆಯಲ್ಲಿ ಕೂರಿಸಿ ಬಂದಿದ್ದೀಯ ಮಗನೇ, ಹೋಗಿ ಕರೆದುಕೊಂಡು ಬಾ."

ಮಗನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೊಳೆತ ಮೀನು, ಸುಣ್ಣದ ಘಾಟು, ಒಣಹುಲ್ಲು, ಹೆಂಡತಿ ಆಡಿದ ಒಂದೊಂದು ಮಾತೂ ನೆನಪಾಯಿತು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವನ ಕಣ್ಣಲ್ಲಿ ನೀರು ನೋಡಿ ಸೊಸೆಯೇ ಎದ್ದು, ಕೈ ಒರೆಸಿಕೊಳ್ಳುತ್ತ ಬಂದಳು.

ಅತ್ತೆ ನಲವತ್ತು ಜನರ ಮುಂದೆ ಕೋಲನ್ನು ಸೊಸೆಯ ಕೈಗೆ ಕೊಟ್ಟಳು. ಇಷ್ಟು ದಿನ ನಿನ್ನನ್ನು ಬೈಸಿದೆ, ತಪ್ಪಾಯಿತು ಎಂದಳು. ಕಟ್ಟಳೆಯಂತೆ ಚಪ್ಪರದಿಂದ ಇಳಿಯಲು ಕಾಲು ಎತ್ತಿದಳು. ಸೊಸೆ ಅವಳ ಕೈ ಹಿಡಿದು ನಿಲ್ಲಿಸಿ ಅದೇ ಕೋಲಿನ ಮೇಲೆ ಇಟ್ಟಳು.

"ಕೋಲು ಉದ್ದ ಇದೆ ಅತ್ತೆ, ಇಬ್ಬರು ಹಿಡಿಯಬಹುದು," ಎಂದಳು.

ಆಮೇಲೆ ಗುಡಾಣಕ್ಕೆ ಬಗ್ಗಿ ಮೂಸಿದಳು. ಮಲಗಿದೆ ಎಂದಳು. ಆ ದಿನ ಯಾರ ಕರವಸ್ತ್ರವೂ ನೀಲಿಯಾಗಲಿಲ್ಲ. ನಲವತ್ತು ಜನ ಎಲೆ ಕೊಯ್ದು, ಉಂಡು, ಬಿಳಿ ಬಟ್ಟೆಯನ್ನೇ ಮಡಿಸಿಕೊಂಡು ಹೋದರು. ಹೋಗುವಾಗ ಅವರಲ್ಲಿ ಬಹಳ ಜನ ಆ ಇಬ್ಬರಿಗೂ ತಲೆಬಾಗಿ ಹೋದರಂತೆ.

ಗುರುಗಳು ಕತೆ ಮುಗಿಸಿದರು. ಆ ಸೊಸೆಗೆ ಕೈ ಮುಗಿಯಬೇಕು ಎಂದ ಚನ್ನವೀರ. ಆದರೆ ಅವಳು ಗೊಣಗಿದ್ದಕ್ಕೆ ಕಾರಣ ಇತ್ತು, ಕೊಟ್ರಯ್ಯನವರಿಗೆ ಏನು ಕಾರಣ ಎಂದು ಕೇಳಿದ.

ಗುರುಗಳು ಅವನ ದನಿ ಬಂದ ಕಡೆಗೆ ತಿರುಗಿದರು.

"ನೀನು ಬರುವ ಮೊದಲೇ ನನ್ನ ಕಣ್ಣು ಹೋಗಿತ್ತು ಮಗು, ನಿನ್ನ ಮುಖ ಹೇಗಿದೆಯೋ ನಾನು ಒಮ್ಮೆಯೂ ನೋಡಿಲ್ಲ."