ಹಲಗಿ ಫಕೀರವ್ವನ ಅರ್ಧ ಎಮ್ಮೆ

ಹಿಂದಕ್ಕೆ, ಅಂದರೆ ಈಗಿನ ಅಜ್ಜಂದಿರ ಅಜ್ಜಂದಿರಿಗೂ ಹಾಲುಹಲ್ಲು ಬಿದ್ದಿರದ ಕಾಲಕ್ಕೆ, ಮುತ್ತಲಬೆಂಚಿ ಅಂತ ಒಂದೂರಿತ್ತು. ಊರು ಈಗಲೂ ಇದೆ. ಆಗ ಇನ್ನೂ ಚೆನ್ನಾಗಿತ್ತು ಅಂತಾರೆ. ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಕೈಯಲ್ಲಿ ಹಲಗಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಲ್ಲಿ ಮುಂದೆ ನಡೆಯುವ ಹಾಡು, ನಗೆಯಾಟದ ಸುದ್ದಿ. ಅವಳ ಹಲಗಿಯ ಬಡಿತ ಕೇಳಿದರೆ ಹಳ್ಳದಾಚೆಯ ದನಗಳೂ ಮೇವು ಬಿಟ್ಟು ತಲೆ ಎತ್ತುತ್ತಿದ್ದವು ಅಂತಾರೆ.

ಆಟ ಎಲ್ಲಿ ನಡೆಯುತ್ತಿತ್ತು? ಹಳೇ ಗಾಣದ ಮನೆಯಲ್ಲಿ. ಎಣ್ಣೆ ತೆಗೆಯುವುದು ಎಂದೋ ನಿಂತಿತ್ತು. ಗಾಣ ಕಿತ್ತು ಒಯ್ದಿದ್ದರು. ಎತ್ತು ಸುತ್ತಿ ಸುತ್ತಿ ಸವೆಸಿದ ದುಂಡನೆಯ ನೆಲ ಮಾತ್ರ ಉಳಿದಿತ್ತು. ಆ ದುಂಡು ನೆಲದ ಮೇಲೆ ಆಟ, ಸುತ್ತಲೂ ಗೋಡೆಗೆ ಬೆನ್ನು ಕೊಟ್ಟು ಜನ. ಎಷ್ಟು ಸಣ್ಣ ಜಾಗ ಅಂದರೆ, ಈ ಕಡೆಯವ ಸೀನಿದರೆ ಆ ಕಡೆಯವ ಮುಖ ಒರೆಸಿಕೊಳ್ಳಬೇಕು. ಗೋಡೆ ಕುಡಿದ ಎಣ್ಣೆ ಅಂಗಿಯ ಬೆನ್ನಿಗೆ ಹತ್ತುತ್ತಿತ್ತು. ಆಟ ನೋಡಿ ಬಂದು "ಹೊಲಕ್ಕ ಹೋಗಿದ್ದೆ" ಅಂದ ಗಂಡಂದಿರೆಲ್ಲ ಬೆನ್ನು ತಿರುಗಿಸಿದ ಕೂಡಲೇ ಸಿಕ್ಕಿಬಿದ್ದರು ಅಂತಾರೆ.

ಮೊದಲು ಗೀಗೀ ಪದ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಅಂತ ಎರಡು ಮೇಳದವರು ಹಾಡಿನಲ್ಲೇ ಜಗಳ ಆಡುತ್ತಿದ್ದರು. ಆಮೇಲೆ ಸೋಗು, ಅಂದರೆ ವೇಷ ಹಾಕಿ ನಗಿಸುವ ಆಟ. ಸೋಗಿನ ಹುಚ್ಚೀರಪ್ಪ ಅಂತ ಒಬ್ಬ ನಗಿಸುವವನಿದ್ದ, ಪಕ್ಕದ ಊರಿನವನು. ಅವನು ಬರೀ ಮೀಸೆ ತಿರುವಿದರೆ ಬಸುರಿಯರನ್ನು ಹೊರಗೆ ಕಳಿಸಬೇಕಾಗುತ್ತಿತ್ತಂತೆ.

ಆದರೆ ಈ ಕಥೆ ಹುಚ್ಚೀರಪ್ಪನದಲ್ಲ, ಫಕೀರವ್ವನದು. ಯಾಕೆ ಅಂದರೆ ಆಟಕ್ಕಿಂತ ಆಟದ ಡಂಗುರವೇ ಚಂದ ಅಂತಿದ್ದರು ಜನ.

ಡಂಗುರ ಮೊದಲು ಅವಳ ಅಪ್ಪನದಾಗಿತ್ತು. ಪಾಪ, ಅವನು ಒಳ್ಳೆಯ ಮನುಷ್ಯ. ಒಮ್ಮೆ ಸಂತೆಯಲ್ಲಿ ನಿಂತು ಹುಚ್ಚೀರಪ್ಪನ ನಗೆಮಾತು ಪೂರ್ತಿ ಹೇಳಿಬಿಟ್ಟ. ಜನ ಸಂತೆಯಲ್ಲೇ ನಕ್ಕು ಮನೆಗೆ ಹೋದರು. ಗಾಣದ ಮನೆಗೆ ಎರಡು ನಾಯಿ ಬಂದವು. ಆವತ್ತಿನಿಂದ ಹುಚ್ಚೀರಪ್ಪ ಡಂಗುರದವರಿಗೆ ಅರ್ಧ ಮಾತ್ರ ಹೇಳುತ್ತಿದ್ದ. ಉಳಿದರ್ಧ ಅವನ ಹೊಟ್ಟೆಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಫಕೀರವ್ವ ಹಲಗಿ ಇಳಿಸಿಕೊಂಡಳು. ಊರ ಗೌಡ ಪರುತಗೌಡನಿಗೆ ಅದು ಸೇರಲಿಲ್ಲ. ಪರುತಗೌಡ ನಕ್ಕಿದ್ದನ್ನು ಕಂಡವರಿರಲಿಲ್ಲ. ಅವನ ಹಲ್ಲು ಯಾವ ಬಣ್ಣದವು ಅಂತ ಹೆಂಡತಿಗೂ ಗೊತ್ತಿರಲಿಲ್ಲ ಅಂತಾರೆ. ಚಾವಡಿಗೆ ಕರೆಸಿ ಹೇಳಿದ.

"ಹಲಗಿ ಗಂಡಸರದು. ಹೆಣ್ಣಮಗಳ ಕೈಯಾಗ ಅದೇನ್ ರೊಟ್ಟಿ ಬಡದಂಗ."

"ರೊಟ್ಟಿ ಬಡದ ಕೈನಽ ರೀ ಗೌಡ್ರ. ತಾಳ ತಪ್ಪೂದಿಲ್ಲ," ಅಂದಳು ಫಕೀರವ್ವ.

"ಬಾರಸು ಹಂಗಾರ. ಆದ್ರ ನೀ ಸಾರಿದ್ದು ಒಂದ್ ಸಲ ಆಗಲಿಲ್ಲಂದ್ರ, ಈ ಹಲಗಿ ಚಾವಡಿ ಗೂಟಕ್ಕ ಬೀಳತೈತಿ. ಗೂಟಕ್ಕ ಬಿದ್ದ ಹಲಗಿ ಮತ್ತ ಇಳಿಯೂದಿಲ್ಲ."

ಫಕೀರವ್ವ ಗೂಟವನ್ನೊಮ್ಮೆ ನೋಡಿದಳು. ಆಗಲಿ ಅಂದಳು. ಅವಳಿಗೆ ಇನ್ನೇನಿತ್ತು? ಅಪ್ಪನ ಬೆವರಿನಿಂದ ಕಪ್ಪಾದ ಆ ಕಟ್ಟಿಗೆಯ ಬಳೆ, ಅದಕ್ಕೆ ಬಿಗಿದ ಚರ್ಮ. ಅದು ಗೂಟಕ್ಕೆ ಹೋದರೆ ತನ್ನ ದನಿಯೂ ಅಲ್ಲೇ ನೇತುಬೀಳುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಅರ್ಧವೇ ಗೊತ್ತಿದ್ದದ್ದನ್ನು ಅವಳು ಎಂಥ ಅಸ್ತ್ರ ಮಾಡಿಕೊಂಡಳು ಕೇಳಿ. ಆಟದ ವಾರ ಬಂತು ಅಂದರೆ ಹಲಗಿ ಬೆಂಕಿಗೆ ಕಾಸಿ, ಚರ್ಮ ಟಣ್ ಅನ್ನುವ ತನಕ ಬಿಗಿ ಮಾಡಿ, ಓಣಿ ಓಣಿ ತಿರುಗುತ್ತಿದ್ದಳು. ಹಾಡಿನ ಪ್ರಶ್ನೆ ಹಾಡುತ್ತಿದ್ದಳು, ಉತ್ತರದ ಹೊತ್ತಿಗೆ ಧಡ್! ಕಥೆ ಹೇಳುತ್ತಿದ್ದಳು, ನಗೆ ಬರುವ ಹೊತ್ತಿಗೆ ಧಡ್! "ಉಳಿದಿದ್ದು ಬೇಸ್ತವಾರ ಸಂಜಿಕ್ಕ, ಗಾಣದ ಮನ್ಯಾಗ!" ಅಂತ ಹೇಳಿ ಮುಂದಿನ ಓಣಿಗೆ. ಅರ್ಧ ಗಡ್ಡ ಬೋಳಿಸಿಕೊಂಡ ಗಂಡಸರು ಒದ್ದೆ ಮುಖದಲ್ಲೇ ಅವಳ ಹಿಂದೆ ಓಡುತ್ತಿದ್ದರಂತೆ. ಅವಳು ಸಾರಿದ ದಿನ ಊರ ತುಂಬ ಸೀದ ರೊಟ್ಟಿಯ ವಾಸನೆ ಅಂತಾರೆ.

ಹಿಂಗೇ ಒಂದು ಸಲ ಎಮ್ಮೆಯ ಕಥೆ ಬಂತು.

"ಕೇಳ್ರೆಪೋ ಕೇಳ್ರಿ! ಸಂತ್ಯಾಗ ಒಬ್ಬಾಂವ ಎಮ್ಮಿ ಮಾರಾಕ ನಿಂತಾನ. ಎಮ್ಮಿ ಅಂದ್ರ ಎಮ್ಮಿ! ಎರಡೂ ಹೊತ್ತು ಕೊಡ ತುಂಬ ಹಾಲು. ಹಾಯೂದಿಲ್ಲ, ಹಗ್ಗ ಹರಿಯೂದಿಲ್ಲ. ಆದ್ರ ಏಳೆಂಟು ಮನಿಗೆ ಹೋಗಿ ತಿರುಗಿ ಬಂದೈತಿ! ಕೊಳ್ಳಾಂವ ಕೇಳಿದ, ಯಾಕಪಾ? ಮಾರಾಂವ ಆ ಕಡೆ ನೋಡಿದ, ಈ ಕಡೆ ನೋಡಿದ, ಕಿವ್ಯಾಗ ಹೇಳಿದ, ಇದಕ್ಕೊಂದು ಚಾಳಿ ಐತಿ, ಏನಂದ್ರ..."

ಧಡ್!

ಊರ ತಲೆ ಕೆಟ್ಟುಹೋಯಿತು. ಏನದು ಚಾಳಿ? ಬಾವಿಕಟ್ಟೆಯಲ್ಲಿ ಎಮ್ಮೆ, ಗುಡಿಕಟ್ಟೆಯಲ್ಲಿ ಎಮ್ಮೆ. ಒಂದು ನಿಶ್ಚಯದ ಕಾರ್ಯದಲ್ಲಿ ಬೀಗರು ಬೀಗರು ಎಮ್ಮೆಯ ವಿಷಯಕ್ಕೆ ಮಾತು ಬಿಟ್ಟರು ಅಂತಾರೆ. ಬೇಸ್ತವಾರ ಬಂದಾಗ ಗಾಣದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಯಲ್ಲಿ ಜನ, ಮಾಳಿಗೆಯ ಬೆಳಕಿಂಡಿಯಲ್ಲಿ ಜನ. ಬಾಗಿಲಲ್ಲಿ ಪರುತಗೌಡ, ಕೈಯಲ್ಲಿ ಬಡಿಗೆ. ಪ್ರತಿ ಸಲವೂ ಬರುತ್ತಿದ್ದ. "ನಾ ಆಟ ನೋಡಾಕ ಬಂದಿಲ್ಲ, ತಪ್ಪು ನೋಡಾಕ ಬಂದೀನಿ," ಅನ್ನುತ್ತಿದ್ದ.

ದೀಪ ಹಚ್ಚಿದರು. ಗೀಗೀ ಮೇಳದವರು ಹಾಡಿದರು. ಹೆಣ್ಣು ಗೆದ್ದಿತೋ ಗಂಡು ಗೆದ್ದಿತೋ, ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣು ಬಾಗಿಲ ಕಡೆ, ಹುಚ್ಚೀರಪ್ಪ ಯಾವಾಗ ಬರುತ್ತಾನೆ ಅಂತ.

ಹುಚ್ಚೀರಪ್ಪ ಬರಲಿಲ್ಲ. ಮೇಲೆ ಎಲ್ಲೋ ಮಳೆಯಾಗಿ ಹಳ್ಳ ತುಂಬಿ ಬಂದಿತ್ತು. ಅವನ ಬಂಡಿ ಆ ದಂಡೆಯಲ್ಲಿ ನಿಂತಿತ್ತು. ಓಡಿಬಂದವನೊಬ್ಬ ಫಕೀರವ್ವನ ಕಿವಿಯಲ್ಲಿ ಹೇಳಿದ. "ಯಕ್ಕಾ, ಆತ ಆ ದಂಡಿ ಮ್ಯಾಲ ಕೈ ಬೀಸಾಕತ್ತಾನ. ಏನೋ ಒದರತಾನ, ನೀರಿನ ಸಪ್ಪಳದಾಗ ಒಂದೂ ಕೇಳಂಗಿಲ್ಲ. ನಾಳಿ ತನಕ ಹಳ್ಳ ಇಳಿಯೂದಿಲ್ಲ."

ಫಕೀರವ್ವ ಮೇಳದವರ ಕಡೆ ನೋಡಿದಳು, ಇನ್ನೊಂದು ಹಾಡ್ರಿ ಅಂತ. ಅವರು ಇನ್ನೊಂದು ಹಾಡಿದರು, ಮತ್ತೊಂದು ಹಾಡಿದರು, ಕೊನೆಗೆ ಗಂಟಲು ಮುಟ್ಟಿ ತೋರಿಸಿ ಕುಳಿತುಬಿಟ್ಟರು. ಜನ ಒದರಿದರು, "ಎಮ್ಮಿ! ಎಮ್ಮಿ ಬರ್ಲಿ!"

ಅವಳು ದುಂಡು ನೆಲದ ನಡುವೆ ಬಂದು ನಿಂತಳು. ಕಾಸಿದ ಹಲಗಿ ಬೆಚ್ಚಗಿತ್ತು, ಅವಳ ಕೈ ತಣ್ಣಗಿತ್ತು. ಸುಳ್ಳು ಒಂದು ಹೊಂದಿಸಿ ಹೇಳಲೇ ಅಂತ ಒಂದು ಗಳಿಗೆ ಅನಿಸಿತು. ಅಷ್ಟು ದಿನ ಕಾದ ಮುಖಗಳನ್ನು ನೋಡಿದಳು.

"ಹುಚ್ಚೀರಣ್ಣ ಹಳ್ಳದಾಚೆ ಸಿಕ್ಕೊಂಡಾನ," ಅಂದಳು. "ಎಮ್ಮಿ ಚಾಳಿ ಏನಂತ ನನಗೂ ಗೊತ್ತಿಲ್ರಿ."

ಪರುತಗೌಡ ಬಾಗಿಲಿನಿಂದ ಎದ್ದ. "ಆತಲ್ಲ? ಸಾರಿದ್ದು ಆಗಲಿಲ್ಲ. ತಾ ಇಲ್ಲೆ ಹಲಗಿ."

ಅವಳು ಹಲಗಿಯನ್ನು ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಗೋಡೆಯ ಬುಡದಿಂದ ಕುಂಬಾರ ತಿಪ್ಪವ್ವಜ್ಜಿ ಗೊಣಗಿದಳು. "ಇದರಾಗ ಹುಚ್ಚೀರ ಯಾಕ್ ಬೇಕು? ನನಗ ಗೊತ್ತಿಲ್ಲೇನ್ ಅದರ ಚಾಳಿ? ಅತ್ತಿ ಸೊಸಿ ಜಗಳ ಕೇಳಿದ್ರಷ್ಟ ಅದು ಹಾಲು ಬಿಡತೈತಿ. ಹ್ವಾದ ಮನಿಯೆಲ್ಲಾ ಬ್ಯಾರಿ ಆದವರ ಮನಿ, ಪಾಪ, ಜಗಳಾಡಾಕ ಅತ್ತೀನಽ ಇಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಫಕೀರವ್ವನ ಕೈ ತಾನಾಗಿಯೇ ಎದ್ದಿತು. ಧಡ್!

ಆ ಒಂದು ಪೆಟ್ಟಿನಲ್ಲಿ ಅವಳಿಗೆ ದಾರಿ ಕಂಡಿತು ಅಂತಾರೆ. ಇಲ್ಲಿರುವ ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು ಉಳಿದರ್ಧ ಇದೆ!

"ಅಜ್ಜಿ ಎಮ್ಮಿ ಆತು! ಇನ್ಯಾರ ಎಮ್ಮಿ ಐತಿ, ಒಳಗ ಹೊಡೀರಿ!"

ಸಿಂಪಿಗೇರ ಕಾಳಪ್ಪ ಎದ್ದ. "ಚಾಳಿ ಎಮ್ಮೀದಲ್ಲ, ಮಾಲಕಂದು. ದಿನಾ ಸಂಜಿಕ್ಕ ಅದು ಹಳೇ ಮನಿಗೆ ಓಡಿಬರತೈತಿ, ಅಂವ ಮತ್ತ ಮಾರತಾನ!" ಧಡ್! ನಗೆ ಜೋರಾಯಿತು. ಆಮೇಲೆ ಬಳೆಗಾರ ಮಾನಿಂಗ ಎದ್ದ. ಅವನಿಗೆ ಮದುವೆಯೂ ಇಲ್ಲ, ದನವೂ ಇಲ್ಲ. "ಒದಿಯೂ ಚಾಳಿ ಇರಬೇಕು," ಅಂದ. "ಅದಕ್ಕೇನ್ ಮಹಾ? ಹಿಂದಿನ ಕಾಲು ಕಟ್ಟಿ ಕರದ್ರಾತು."

"ಕಾಲು ಕಟ್ಟಿದ್ರ ಹಾಲಽ ಬಿಡೂದಿಲ್ಲಲೇ ಅದು!"

ಯಾರದು ಆ ದನಿ? ಎಲ್ಲರೂ ತಿರುಗಿದರು. ಪರುತಗೌಡ! ಮುಖ ಕೆಂಪಗೆ, ಬಡಿಗೆ ನೆಲಕ್ಕೆ ಕುಟ್ಟುತ್ತ ಜನರನ್ನು ದಾಟಿ ನಡುವೆ ಬಂದುಬಿಟ್ಟಿದ್ದ. "ಏನ್ ತಿಳದೈತಿ ನಿಮಗ? ಎಲ್ಲಾ ತಪ್ಪು! ಅದು ಗಂಡಸು ಕುಂತ್ರ ಒದಿತೈತಿ. ಹೆಣ್ಣಮಕ್ಕಳ ಕೈಗಷ್ಟ ಹಾಲು ಬಿಡತೈತಿ. ಅದಽ ಚಾಳಿ!"

"ಮತ್ತ ಹೆಣ್ಣಮಕ್ಕಳು ತವರಿಗೆ ಹ್ವಾದ್ರ ಹೆಂಗ್ರಿ ಗೌಡ್ರ?" ಅಂತ ಮಾನಿಂಗ.

"ಸೀರಿ ಉಡಬೇಕು! ಅದೂ ಅಕಿ ದಿನಾ ಉಡೂ ಸೀರಿನಽ ಆಗಬೇಕು, ವಾಸನಿ ಹಿಡಿತೈತದು. ತಲಿ ತುಂಬ ಸೆರಗು ಹೊದ್ದು, ಮೀಸಿ ಕಾಣದಂಗ ಮಾರಿ ಮುಚ್ಚಿ..."

ಅಲ್ಲಿಗೆ ನಿಂತ. ಏನು ಹೇಳಿದೆ ಅಂತ ಅವನಿಗೇ ಆಗ ಗೊತ್ತಾಯಿತು. ಗೌಡತಿ ತವರಿಗೆ ಹೋದಾಗ ಗೌಡರ ದನದ ಮನೆಗೆ ಎರಡೂ ಹೊತ್ತು ಒಳಗಿನಿಂದ ಅಗಳಿ ಬೀಳುತ್ತಿದ್ದದ್ದು ಇಡೀ ಊರಿಗೆ ಗೊತ್ತಿತ್ತು. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ಗಂಡಸರ ಹಲಗಿ, ಹೆಂಗಸರ ರೊಟ್ಟಿ ಅಂತ ಚಾವಡಿಯಲ್ಲಿ ಭಾಗ ಹಂಚಿದ ಗೌಡ ಈಗ ಊರ ನಡುವೆ ನಿಂತಿದ್ದ.

ಒಂದು ಮಾತು ಸಾಕಿತ್ತು ಫಕೀರವ್ವನಿಗೆ. "ನೀವೂ ಉಟ್ಟಿದ್ರೇನ್ರಿ ಗೌಡ್ರ?" ಅಂದಿದ್ದರೆ ಗೌಡ ಆ ಊರು ಬಿಡಬೇಕಾಗುತ್ತಿತ್ತು. ಎಂಥ ಸೇಡು! ಬೇರೆ ಯಾರೇ ಆಗಿದ್ದರೂ ಅಂದೇಬಿಡುತ್ತಿದ್ದರು.

ಅವಳು ಅನ್ನಲಿಲ್ಲ. ಹಲಗಿ ಎತ್ತಿ ಧಡ್ ಧಡ್ ಧಡಾಲ್ ಅಂತ ಮೂರು ಪೆಟ್ಟು ಹಾಕಿದಳು.

"ಕೇಳ್ರೆಪೋ ಕೇಳ್ರಿ! ಹುಚ್ಚೀರಣ್ಣ ಬರಲಿಲ್ಲಂತ ಬ್ಯಾಸರ ಬ್ಯಾಡ! ಇವತ್ತಿನ ಸೋಗು ಪರುತಗೌಡ್ರದು! ನಗಲಾರದ ಮಾರಿ ಇಟ್ಕೊಂಡು ನಗಸಾಕ ಬಂದಾರ, ಇಂಥ ಸೋಗುಗಾರ ಹನ್ನೆರಡು ಹಳ್ಳ್ಯಾಗಿಲ್ಲ!" ಗೀಗೀ ಮೇಳದ ಹಾಡುಗಾರ್ತಿ ಹೊದ್ದಿದ್ದ ಶಾಲು ಎಳೆದುಕೊಂಡು ಗೌಡನ ತಲೆಯ ಮೇಲೆ ಸೆರಗಿನ ಹಾಗೆ ಹೊದಿಸಿದಳು. ಹೊದಿಸುವಾಗ ಮೆಲ್ಲಗೆ ಅಂದಳು, "ಕುಂದರ್ರಿ ಯಪ್ಪಾ. ಎಮ್ಮಿ ಕಾಯಾಕತ್ತೈತಿ."

ಗೌಡ ಅವಳನ್ನು ನೋಡಿದ. ಜನರನ್ನು ನೋಡಿದ. ಬಡಿಗೆ ಕೆಳಗಿಟ್ಟ. ಕುಕ್ಕರಗಾಲಲ್ಲಿ ಕುಳಿತು, ಇಲ್ಲದ ಎಮ್ಮೆಯ ಕೆಚ್ಚಲು ನೇವರಿಸಿ, ಸಣ್ಣ ದನಿ ಮಾಡಿ ಸೋಬಾನೆ ಹಾಡುತ್ತ ಗಾಳಿಯಲ್ಲಿ ಹಾಲು ಕರೆದ! ಎಮ್ಮೆ ತಿರುಗಿ ನೋಡಿದರೆ ಸೆರಗಿನಲ್ಲಿ ಮೀಸೆ ಮುಚ್ಚುವುದೇನು, ಅದು ಬಾಲ ಬೀಸಿದರೆ ನಾಚುವುದೇನು! ಫಕೀರವ್ವ ಒಂದೊಂದು ಧಾರೆಗೂ ಒಂದೊಂದು ಪೆಟ್ಟು ಹಾಕುತ್ತ ಅವನ ಹಿಂದೆ ತಾಳ ಹಿಡಿದಳು. ಅವತ್ತಿನ ನಗೆಗೆ ಮಾಳಿಗೆಯ ಮಣ್ಣು ಉದುರಿತು ಅಂತಾರೆ. ಹಳ್ಳದಾಚೆ ನಿಂತಿದ್ದ ಹುಚ್ಚೀರಪ್ಪನಿಗೂ ಕೇಳಿತು, ನಾನಿಲ್ಲದೆ ಯಾವ ಮಗ ನಗಿಸುತ್ತಿದ್ದಾನೆ ಅಂತ ಹೊಟ್ಟೆ ಉರಿದುಕೊಂಡ ಅಂತಾರೆ. ಗೌಡನೂ ನಕ್ಕ. ಹಲ್ಲು ಬೆಳ್ಳಗಿದ್ದವಂತೆ.

ನಗೆ ನಿಂತ ಮೇಲೆ ತಿಪ್ಪವ್ವಜ್ಜಿ ಕೇಳಿದಳು, "ಯಪ್ಪಾ ಗೌಡ, ಸಾರಿದ ಆಟ ಆತೋ ಇಲ್ಲೋ?"

"ಆತಬೇ," ಅಂದ ಗೌಡ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ. "ಆಗಿಲ್ಲಂತ ಹೆಂಗನ್ನಲಿ? ನಾನಽ ಮಾಡೀನಲ್ಲ."

ಹಲಗಿ ಗೂಟಕ್ಕೆ ಹೋಗಲಿಲ್ಲ. ಮರುದಿನ ಹಳ್ಳ ಇಳಿದು ಹುಚ್ಚೀರಪ್ಪ ಬಂದ, ನಡೆದದ್ದೆಲ್ಲ ಕೇಳಿದ. ಅವನ ಎಮ್ಮೆಯ ಚಾಳಿ ಏನಿತ್ತು ಅಂತ ಕೇಳಿದರೆ, "ಬಿಡ್ರಿ, ಗೌಡ್ರದಽ ಚಲೋ ಐತಿ," ಅಂದ. ಸಾಯುವ ತನಕ ಬಾಯಿ ಬಿಡಲಿಲ್ಲ ಅಂತಾರೆ. ಫಕೀರವ್ವ ಕೂದಲು ಹಣ್ಣಾಗುವ ತನಕ ಓಣಿ ಓಣಿ ಸಾರಿದಳು. ಅವಳು ಸಾರಿದ್ದು ಆಗಲಿಲ್ಲ ಅನ್ನುವ ದಿನ ಬರಲೇ ಇಲ್ಲ.

ಈಗಲೂ ಮುತ್ತಲಬೆಂಚಿಯ ಗಾಣದ ಮನೆಯಲ್ಲಿ ಹಾಡು, ನಗೆಯಾಟ ನಡೆಯುತ್ತವೆ. ಎಷ್ಟೇ ದೊಡ್ಡ ಮೇಳ ಬರಲಿ, ಆಟಗಾರರು ದುಂಡು ನೆಲಕ್ಕೆ ಕಾಲಿಡುವ ಮೊದಲು ನೋಡುವವರಲ್ಲಿ ಒಬ್ಬರು ಎದ್ದುಬಂದು ನಗಿಸಬೇಕು. ಅದಕ್ಕೆ ಫಕೀರವ್ವನ ಪಾಲು ಅಂತಾರೆ. ಊರಲ್ಲಿ ಆ ವರ್ಷ ಯಾರ ಮುಖ ಹೆಚ್ಚು ಬಿಗಿದಿರುತ್ತದೋ ಅವರನ್ನೇ ಕರೆಯುವುದು ಪದ್ಧತಿ. ಹೋದ ಸಲ ಹೆಡ್ ಮಾಸ್ತರರನ್ನು ಕರೆದರು. ಅದರ ಹಿಂದಿನ ಸಲ ಕರೆಂಟ್ ಬಿಲ್ಲಿನವನನ್ನು. ಮೊದಲು ಒಲ್ಲೆ ಅಂತಾರೆ, ಆಮೇಲೆ ನಿಲ್ಲಿಸುವುದು ಕಷ್ಟ. ತಲೆಯ ಮೇಲೆ ಹೊದೆಯಲು ಒಂದು ಇಳಕಲ್ ಸೀರೆ ಬೇಕಲ್ಲ, ಅದು ಪರುತಗೌಡರ ಮನೆಯಿಂದಲೇ ಬರುತ್ತದೆ. ಯಾರೂ ಕೇಳಬೇಕಿಲ್ಲ. ಆ ಮನೆಯ ಹಿರೇಮಗ ಇಸ್ತ್ರಿ ಮಾಡಿಸಿ, ತಾನೇ ಹೊತ್ತು ತಂದು, ಬಾಗಿಲಲ್ಲಿ ನಿಂತಿರುತ್ತಾನೆ.