ಯಾರೂ ಕಡಿಯದ ಕಾಯಿ

"ಬುದ್ಧಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡುವುದಕ್ಕೆ ಯಾವ ಆಟ ಆರಿಸಬೇಕು?" ಎಂದು ಶಿಷ್ಯ ಪುಟ್ಟಮಾದಪ್ಪ ಗುರುಗಳನ್ನು ಕೇಳಿದ. ಅವನು ಮಕ್ಕಳೊಂದಿಗ, ಊರಿನಲ್ಲಿ ಮರ್ಯಾದಸ್ಥ. ಕೇರಂ ಬೋರ್ಡು ತಂದಿದ್ದ, ಹಾವು-ಏಣಿ ತಂದಿದ್ದ, ಹೊಸ ಇಸ್ಪೀಟು ಕಟ್ಟು ತಂದಿದ್ದ. ಏನು ತಂದರೂ ಹೆಂಡತಿ ಮಕ್ಕಳು ಅರ್ಧ ಆಟಕ್ಕೇ ಏನಾದರೊಂದು ನೆಪ ಹೇಳಿ ಎದ್ದುಹೋಗುತ್ತಿದ್ದರು. ಅವನಿಗೆ ಬೇಸರವಾಗಿತ್ತು.

ಗುರುಗಳು ನಕ್ಕರು. "ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆಯನ್ನು ಮಠಕ್ಕೆ ಹೊತ್ತು ತಂದಿದ್ದೀಯ. ಪರವಾಗಿಲ್ಲ, ನನ್ನ ಹತ್ತಿರವೂ ಸರಕಿದೆ, ಕೇಳು" ಎಂದು ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅಚ್ಚಿನ ಮೂಲೆ ಚಿವುಟಿ ನಾಲಿಗೆಯ ಮೇಲಿಟ್ಟರೆ ಸಾಕು, ಅದು ಯಾವ ಆಲೆಮನೆಯ ಬೆಲ್ಲ, ಎಷ್ಟು ಕಾಲ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಆದ್ದರಿಂದ ಆರಿಸುವುದು ಎಂದರೆ ತನ್ನ ಕೆಲಸ ಎಂದು ಅವನು ನಂಬಿದ. ಸಂತೆಯಲ್ಲಷ್ಟೇ ನಂಬಿದ್ದರೆ ತೊಂದರೆಯಿರಲಿಲ್ಲ, ಮನೆಯಲ್ಲೂ ನಂಬಿದ. ಹೆಂಡತಿ ಉಡುವ ಸೀರೆ, ಮಗ ಕಲಿಯುವ ವಿದ್ಯೆ, ಎಲ್ಲವನ್ನೂ ಅವನೇ ಆರಿಸಿದ. ಕೆಟ್ಟವನಲ್ಲ. ಯಾರ ಮೇಲೂ ಕೈಯೆತ್ತಿದವನಲ್ಲ, ಗದರಿದವನೂ ಅಲ್ಲ. ಆದರೆ ಅವನು ಒಂದು ಮಾತು ಹೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತು ಹುಟ್ಟುತ್ತಿರಲಿಲ್ಲ.

ಮಗಳಿಗೆ ಗಂಡನ್ನೂ ಹಾಗೆಯೇ ಆರಿಸಿದ. ಹುಡುಗಿಗೆ ಆ ಗಂಡು ಬೇಡವಾಗಿತ್ತು. ಹೆಣ್ಣು ನೋಡಲು ಬಂದ ದಿನ ಅವನು ಹಿತ್ತಿಲಿಗೆ ಹೋಗಿ ತನ್ನ ತಾಯಿಯನ್ನು ಬಾಯಿಗೆ ಬಂದಂತೆ ಬೈದದ್ದು ಇವಳ ಕಿವಿಗೆ ಬಿದ್ದಿತ್ತು. ಅಮ್ಮನ ಮುಂದೆ ಹೇಳಿಕೊಂಡು ಅತ್ತಳು. ಅಮ್ಮ ಅದನ್ನು ಮಗನಿಗೆ ಹೇಳಿದಳು. ಹೇಳಬೇಕಾದವನಿಗೆ ಮಾತ್ರ ಯಾರೂ ಹೇಳಲಿಲ್ಲ. ಲಗ್ನ ಹತ್ತಿರ ಬಂತು.

ಮಗಳು ಗಂಡನ ಮನೆಗೆ ಹೋಗುವ ಮೊದಲು ನಾಲ್ಕು ದಿನ ಅವಳ ಜೊತೆ ನಗುನಗುತ್ತ ಕಳೆಯಬೇಕು ಎಂದು ವ್ಯಾಪಾರಿಗೆ ಆಸೆಯಾಯಿತು. ಅವಳೆಂದರೆ ಅವನಿಗೆ ಪ್ರಾಣ. ಚದುರಂಗ ತಂದ, ಮಗ ಸೋತ. ಇಸ್ಪೀಟು ತಂದ, ಹೆಂಡತಿ ಸೋತಳು. ಹುಲಿ-ಕುರಿ ಆಟದ ಮಣೆ ತಂದ. ಅದರಲ್ಲಿ ಹುಲಿಯಾಗಿಯೂ ಅವನೇ ಗೆದ್ದ, ಕುರಿಯಾಗಿಯೂ ಅವನೇ ಗೆದ್ದ. ಗೆದ್ದು ಗೆದ್ದು ಅವನಿಗೇ ಸಾಕಾಯಿತು. 'ಪಾಪ, ಇವರ ತಲೆಗೆ ಇವೆಲ್ಲ ಭಾರ. ಬುದ್ಧಿ ಖರ್ಚಾಗದ, ಬರೀ ಅದೃಷ್ಟದ ಆಟ ಬೇಕು' ಎಂದುಕೊಂಡು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದ. ಕವಡೆ ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲವಲ್ಲ. ಅದರಲ್ಲೂ ಅವನೇ ಗೆದ್ದ! ಕವಡೆಗಳೂ ತನ್ನ ಮಾತು ಕೇಳುತ್ತವೆ ಎಂದು ಒಳಗೊಳಗೇ ಹೆಮ್ಮೆಪಟ್ಟ.

ಮದುವೆಗೆಂದು ಅವನ ಅಕ್ಕ ಬಂದಳು. ಬಂದವಳೇ ತಮ್ಮನ ಹೆಂಡತಿಯನ್ನು ಎಬ್ಬಿಸಿ ಆ ಜಾಗದಲ್ಲಿ ಆಟಕ್ಕೆ ಕೂತಳು. ಚೌಕಾಬಾರದಲ್ಲಿ ನಮ್ಮ ಕಾಯಿ ಹೋಗಿ ನಿಲ್ಲುವ ಜಾಗದಲ್ಲಿ ಇನ್ನೊಬ್ಬರ ಕಾಯಿ ಇದ್ದರೆ ಅದನ್ನು ಕಡಿಯಬಹುದು, ಕಡಿಸಿಕೊಂಡ ಕಾಯಿ ಹೊರಟಲ್ಲಿಗೇ ವಾಪಸ್ಸು ಹೋಗಬೇಕು. ಅಕ್ಕ ತಮ್ಮನ ಒಂದು ಕಾಯಿ ಕಡಿದಳು. ನಗುತ್ತ ಇನ್ನೊಂದನ್ನೂ ಕಡಿದಳು. ಮನೆಯವರು ಉಸಿರು ಬಿಗಿಹಿಡಿದರು. ಚಿಕ್ಕಂದಿನಿಂದ ಅವನ ಕಾಯಿ ಕಡಿದುಕೊಂಡೇ ಬೆಳೆದವಳಿಗೆ ಏನು ಭಯ?

ಮುಂದಿನ ಸರದಿ ಮಗಳದು. ಅವಳಿಗೆ ನಾಲ್ಕು ಬಿತ್ತು. ಅವಳ ಕಾಯಿಯಿಂದ ಸರಿಯಾಗಿ ನಾಲ್ಕನೆಯ ಮನೆಯಲ್ಲಿ ಅಪ್ಪನ ಕಾಯಿ ಇತ್ತು. ಅವಳು ಆ ಕಡೆ ನೋಡದೆ ಬೇರೊಂದು ಕಾಯಿ ನಡೆಸಿದಳು.

ಸೋದರತ್ತೆ ಅವಳ ಕೈ ಹಿಡಿದಳು. "ಏನೇ ಕೂಸೇ, ಕಣ್ ಕಾಣಲ್ವಾ? ನಿಮ್ಮಪ್ಪನ್ ಕಾಯಿ ಅಲ್ಲೇ ಕೂತದೆ, ಕಡಿ."

"ಬ್ಯಾಡ ಅತ್ತೆ. ಅದು ಅಪ್ಪಂದು."

ವ್ಯಾಪಾರಿ ತಲೆಯೆತ್ತಿ ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ. ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು. ತಾನು ಇಷ್ಟು ದಿನ ಒಂದು ಆಟವನ್ನೂ ಗೆದ್ದಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆಟದಲ್ಲೇ ಇಷ್ಟು ಬಿಟ್ಟುಕೊಟ್ಟವರು ಬಾಳಿನಲ್ಲಿ ಇನ್ನೇನೇನು ಬಿಟ್ಟುಕೊಟ್ಟಿದ್ದಾರೋ ಎನಿಸಿತು. ಅವನು ಮಗಳು ನಡೆಸಿದ ಕಾಯಿಯನ್ನು ಹಿಂದಕ್ಕಿಟ್ಟು, "ಕಡಿ ಕಣವ್ವಾ" ಎಂದ.

ಹುಡುಗಿ ಮನೆ ಎಣಿಸುತ್ತ ಹೋಗಿ ಅಪ್ಪನ ಕಾಯಿಯನ್ನು ಕಡಿದಳು. ವ್ಯಾಪಾರಿ ಅದನ್ನು ಎತ್ತಿ ಹೊರಟಲ್ಲಿಗೇ ಇಟ್ಟುಕೊಂಡು "ಭೇಷ್" ಎಂದ. ಕಡಿದವರಿಗೆ ಇನ್ನೊಂದು ಗರ ಹಾಕುವ ಹಕ್ಕುಂಟು. ಹುಡುಗಿ ಕವಡೆಗಳನ್ನು ಬಾಚಿಕೊಂಡಳು, ಹಾಕಲಿಲ್ಲ. ಮುಷ್ಟಿಯಲ್ಲೇ ಬಿಗಿಯಾಗಿ ಹಿಡಿದುಕೊಂಡು, "ಅಪ್ಪಾ, ನಂಗೆ ಆ ಮದ್ವೆ ಬ್ಯಾಡ" ಎಂದಳು.

ವ್ಯಾಪಾರಿ ಏಕೆಂದು ಕೇಳಿದ. ಆ ಮನೆಯಲ್ಲಿ ಅವನು ಅಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮಗಳು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಮರುದಿನ ತಾನೇ ಗಂಡಿನವರ ಮನೆಗೆ ಹೋಗಿ, ಕೈಮುಗಿದು, ಈ ಸಂಬಂಧ ಬೇಡವೆಂದು ಹೇಳಿ ಬಂದ. ಚಪ್ಪರ ಬಿಚ್ಚಿಸಿದ. ಊರಿನವರು ಆಡಿಕೊಂಡರು. ಆಡಿಕೊಳ್ಳಲಿ, ಹುಡುಗಿಯ ಬಾಳು ಉಳಿಯಿತಲ್ಲ.

ಪುಟ್ಟಮಾದಪ್ಪನಿಗೆ ಕತೆ ಬಹಳ ಹಿಡಿಸಿತು. "ಗೊತ್ತಾಯ್ತು ಬುದ್ಧಿ, ನಾನೂ ಇವತ್ತೇ ಚೌಕಾಬಾರದ ಮಣೆ ತಕ್ಕೊಂಡು ಹೋಗ್ತೀನಿ. ನಮ್ಮನೇರಿಗೂ ಅದೇ ಸರಿ" ಎನ್ನುತ್ತ ಉತ್ಸಾಹದಿಂದ ಎದ್ದು ನಿಂತ.

"ಯಾವ ಆಟ ಬೇಕಾದರೂ ತೆಗೆದುಕೊಂಡು ಹೋಗಪ್ಪ, ಆದರೆ ನಿನ್ನ ಮನೆಯಲ್ಲಿ ನಿನ್ನ ಕಾಯಿ ಕಡಿಯುವ ಧೈರ್ಯ ಯಾರಿಗಿದೆ?" ಎಂದರು ಗುರುಗಳು.