ತವರುಗುಡ್ಡದ ತೊಲೆ

ಬನ್ನಿ ಮಕ್ಕಳೇ, ಒದ್ದೆ ಬೂಟು ಬಾಗಿಲಲ್ಲೇ ಬಿಟ್ಟು ಒಲೆಯ ಕಡೆ ಸರಿದು ಕೂತುಕೊಳ್ಳಿ. ನಡುವೆ ಎದ್ದರೆ ನಾನು ಮತ್ತೆ ಮೊದಲಿಂದ ಹೇಳುವವಳಲ್ಲ. ಕಿಟಕಿಯಾಚೆ ಕೊಲ್ಲಿಯ ನೀರಿಗೆ ಬೆನ್ನು ಮಾಡಿ ನಿಂತಿರುವ ಆ ಗುಡ್ಡ ಕಾಣುತ್ತದೆಯಲ್ಲ, ಅದಕ್ಕೆ ತವರುಗುಡ್ಡ ಎಂದು ಹೆಸರು. ಕೆನಡಾದ ಈ ಕೇಪ್ ಬ್ರೆಟನ್ನಿನಲ್ಲಿ ನಮ್ಮ ಕಡೆಯವರೆಲ್ಲ ಕಡಲು ದಾಟಿ ಬಂದವರು. ಬಂದವರಲ್ಲಿ ಒಬ್ಬಳ ತವರೂ ಇಲ್ಲಿರಲಿಲ್ಲ. ಹಾಗಿದ್ದ ಮೇಲೆ ಇದು ಯಾರ ತವರು ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಕೇಳಬೇಕಾದ ಮಾತೇ.

ಹಿಂದೆ ಒಮ್ಮೆ ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿ, ನಮ್ಮ ಹಿರಿಯರು ಒಂದು ಬೋಳು ದ್ವೀಪದಲ್ಲಿ ಬದುಕಿದ್ದರು. ಗಾಳಿಯ ಹೊಡೆತಕ್ಕೆ ಅಲ್ಲಿ ಮರವೇ ಏಳುತ್ತಿರಲಿಲ್ಲ. ಅಲೆಗಳು ಎಲ್ಲಿಂದಲೋ ತೇಲಿಸಿ ತಂದು ದಡಕ್ಕೆಸೆದ ದಿಮ್ಮಿಯೇ ಅವರ ಪಾಲಿಗೆ ಮರ. ನೆಲ ದೊರೆಗೆ ಸೇರಿದ್ದು, ಗೋಡೆಯ ಕಲ್ಲೂ ದೊರೆಗೇ ಸೇರಿದ್ದು, ಸೂರಿನ ಮರ ಮಾತ್ರ ಒಕ್ಕಲಿನವರದು; ಆದ್ದರಿಂದ ಮನೆ ಬಿಡುವವರು ಅದನ್ನು ಬಿಚ್ಚಿ ಹೊತ್ತೊಯ್ಯುವುದು ಅಲ್ಲಿನ ವಾಡಿಕೆ. ಕುರಿ ಮೇಯಿಸಲು ನೆಲ ಬೇಕೆಂದು ದೊರೆ ಒಕ್ಕಲುಗಳನ್ನು ಎಬ್ಬಿಸಿದಾಗ, ಓರಿಕ್ ಎಂಬ ಮುದುಕಿ ತನ್ನ ಸೂರಿನ ನಡುತೊಲೆಯನ್ನು ಬಿಚ್ಚಿಸಿ, ಮಗ ಲಾಕ್ಲನ್ ಮತ್ತು ಸೊಸೆ ಕರ್ಸ್ಟಿಯ ಹೆಗಲಿಗೇರಿಸಿ, ಹಡಗಿನ ಕಡೆಗೆ ನಡೆದಳು. ಅವಳ ಗಂಡನ ಮುತ್ತಜ್ಜ ದಡದಿಂದ ಎಳೆದು ತಂದಿದ್ದ ತೊಲೆ ಅದು. ಒಲೆಯ ಹೊಗೆ ಕುಡಿದು ಇದ್ದಿಲಿನಂತೆ ಕಪ್ಪಾಗಿತ್ತು. "ಅಜ್ಜಿ, ನೀನು ಹೋಗುತ್ತಿರುವುದು ಕಾಡಿನ ದೇಶಕ್ಕೆ. ಅಲ್ಲಿಗೆ ಮರ ಹೊರುತ್ತೀಯಾ?" ಎಂದು ಹಡಗಿನ ಯಜಮಾನ ನಕ್ಕ. "ನೀನು ಹೋಗುತ್ತಿರುವುದು ನೀರಿನ ಮೇಲೆ. ಆ ಪೀಪಾಯಿಗಳಲ್ಲಿ ನೀರು ಯಾಕೆ ತುಂಬಿಸಿದ್ದೀಯಪ್ಪ?" ಎಂದಳಂತೆ ಓರಿಕ್. ತೊಲೆ ಹಡಗು ಹತ್ತಿತು.

ಇಲ್ಲಿ ಬಂದಿಳಿದರೆ ನೀರಿನ ಅಂಚಿನವರೆಗೂ ಕಾಡು. ಇವರೋ ಕೊಡಲಿ ಹಿಡಿದು ಗೊತ್ತಿಲ್ಲದ ಜನ. ಮೊದಲ ಮರ ಕಡಿಯುವಾಗ ಅದು ಎತ್ತ ಬೀಳುವುದೆಂದು ತಿಳಿಯದೆ ಲಾಕ್ಲನ್ ಮನೆಮಂದಿಯನ್ನೆಲ್ಲ ಕೊಲ್ಲಿಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿದ್ದ ಎನ್ನುತ್ತಾರೆ. ಹೇಗೋ ದಿಮ್ಮಿ ಜೋಡಿಸಿ ಗುಡ್ಡದ ಮೇಲೆ ಮನೆ ಎಬ್ಬಿಸಿದ. ಅದು ಹಳೆಯ ಮನೆಗಿಂತ ದೊಡ್ಡದಾಯಿತು, ತೊಲೆ ಗೋಡೆಯಿಂದ ಗೋಡೆಗೆ ಮುಟ್ಟಲಿಲ್ಲ. ಹತ್ತಿರದ ಒಂದು ಲಾರ್ಚ್ ಮರವನ್ನೇ ಕಡಿದು ಏರಿಸಿದ. ಓರಿಕ್ ಒಳಗೆ ಕಾಲಿಡಲಿಲ್ಲ. "ಗುರುತು ಪರಿಚಯವಿಲ್ಲದ ಮರದ ಕೆಳಗೆ ನನಗೆ ನಿದ್ದೆ ಬಾರದು. ಚಳಿಗಾಲ ಕಳೆಯಲಿ, ಮೊದಲ ಹಡಗಿಗೇ ಹೊರಡುತ್ತೇನೆ," ಎಂದು ತನ್ನ ತೊಲೆಯನ್ನು ಬಂಡೆಗೆ ಒರಗಿಸಿ, ಹಾಯಿಬಟ್ಟೆ ಹೊದಿಸಿ, ಅದರಡಿ ಬಿಡಾರ ಹೂಡಿದಳು. ಹಿಮ ಬಿತ್ತು. ಕೆಮ್ಮು ಎದೆಗಿಳಿಯಿತು. ತುಂಬುಬಸುರಿ ಕರ್ಸ್ಟಿ ದಿನವೂ ಬಿಸಿ ಗಂಜಿ ಹೊತ್ತುತಂದು, "ಒಳಗೆ ಬನ್ನಿ ಅತ್ತೆ. ಹುಟ್ಟುವ ಮಗುವನ್ನು ಎತ್ತಿಕೊಳ್ಳುವವರು ಯಾರು?" ಎಂದು ಬೇಡುವಳು. "ಆ ಹಸಿಮರವನ್ನೇ ಕೇಳು," ಎಂದು ಮುದುಕಿ ಮುಖ ತಿರುಗಿಸುವಳು. ಹಡಗು ಬರುವವರೆಗೆ ಅವಳು ಉಳಿಯಲಾರಳೆಂದು ಲಾಕ್ಲನ್‌ಗೆ ಖಚಿತವಾಯಿತು.

ಆಗ ಬಂದವಳು ಮಟ್ಲೆನ್. ಈ ನೆಲದ ಮಿಕ್ಮಾಕ್ ಜನರ ಹೆಂಗಸು. ಬುಟ್ಟಿ ಹೆಣೆದು ಕೊಟ್ಟು ಉಣ್ಣೆ ಒಯ್ಯುವವಳು, ನಮ್ಮ ಗೇಲಿಕ್ ಮಾತನ್ನು ಅಷ್ಟಿಷ್ಟು ಕಲಿತವಳು. ಬಿಡಾರದೊಳಗೆ ಬಗ್ಗಿ ನೋಡಿ, ತೊಲೆಯ ಮಸಿಯನ್ನು ಚಾಕುವಿನಿಂದ ಕೆರೆದು ಮೂಸಿದಳು. ಹೊರಗೆ ಹೋಗಿ ಲಾರ್ಚ್ ಮರದ ಒಂದು ಚೂರು ಕೆತ್ತಿ ತಂದು ಮುದುಕಿಯ ಮೂಗಿನ ಮುಂದೆ ಹಿಡಿದಳು. ಎರಡೂ ಒಂದೇ ಕೆಂಪು, ಒಂದೇ ವಾಸನೆ.

"ಇದು ನಮ್ಮ ಕಡೆಯ ಮರ. ಎಲ್ಲಿ ಕದ್ದೆ?" ಎಂದಳು ಮಟ್ಲೆನ್.

"ಕದಿಯಲಿಲ್ಲ. ಕಡಲು ಕೊಟ್ಟಿತು."

"ಹಾಗಾದರೆ ಕಡಲೇ ಕದ್ದದ್ದು. ನಿನ್ನ ಮಗ ಸೂರಿಗೆ ಏರಿಸಿದ್ದು ಇದರ ತಂಗಿಯನ್ನು."

ಓರಿಕ್ ತೊಲೆಯ ಕಡೆ ತಿರುಗಿ ಅದರ ಮೇಲೆ ಕೈಯಾಡಿಸಿದಳು. "ಅಷ್ಟು ದೂರದಿಂದ ಒಂಟಿಯಾಗಿ ಬಂದು ನಮ್ಮ ತಲೆ ಕಾದೆಯಾ ತಾಯಿ? ಒಂದು ದಿನವೂ ಬಾಯಿಬಿಡಲಿಲ್ಲವಲ್ಲ," ಎಂದಳು. ಆಮೇಲೆ ಮಗನನ್ನು ಕೂಗಿದಳು. "ಹಾಸಿಗೆ ಒಳಗೆ ಹಾಕು." ತೊಲೆಯನ್ನು ಸೀಳಿ ಬಾಗಿಲಿಗಾದರೂ ಬಳಸಲೇ ಎಂದು ಅವನು ಕೇಳಿದ್ದಕ್ಕೆ ಗದರಿದಳು. "ತವರಿಗೆ ಬಂದವಳ ಕೈಯಲ್ಲಿ ಕೆಲಸ ಮಾಡಿಸುತ್ತಾರೇನೋ? ಅವಳ ಕಡೆಯವರ ನಡುವೆ ಮಲಗಿಸು."

ಹಾಗೆ ಅದನ್ನು ಗುಡ್ಡದ ನೆತ್ತಿಯ ಮರಗಳ ನಡುವೆ ಮಲಗಿಸಿದರು. ಗುಡ್ಡಕ್ಕೆ ತವರುಗುಡ್ಡವೆಂದು ಹೆಸರಾಯಿತು. ಈಗ ಹೋದವರಿಗೆ ತೊಲೆ ಕಾಣದು. ಪಾಚಿ ಮುಚ್ಚಿದ ಒಂದು ಉದ್ದ ದಿಬ್ಬ, ಅದರ ಮೇಲೆ ಬೀಜ ಬಿದ್ದು ತಾವಾಗಿ ಎದ್ದ ಲಾರ್ಚ್ ಮರಗಳ ನೇರ ಸಾಲು, ಅಷ್ಟೇ ಕಾಣುತ್ತದೆ. ಲಾಕ್ಲನ್ ಒಳ್ಳೆಯ ಮರಕಡಿಯುವವನಾಗಿ, ಕೊನೆಗೆ ಮುಪ್ಪಿನಲ್ಲಿ ಹಾಸಿಗೆಯಲ್ಲೇ ತೀರಿಕೊಂಡ. ಕರ್ಸ್ಟಿಗೆ ಆ ಚಳಿಗಾಲ ಹುಟ್ಟಿದ ಹೆಣ್ಣುಮಗುವಿನ ವಂಶದವರೇ ನಾವೆಲ್ಲ. ಮಟ್ಲೆನ್ ಹಲವು ವರ್ಷ ಬಂದು ಹೋಗುತ್ತಿದ್ದಳು. ದಡವೆಲ್ಲ ನಮ್ಮವರ ಬೇಲಿಗಳೇ ಆದ ಮೇಲೆ ಅವಳ ಜನ ಒಳನಾಡಿಗೆ ಸರಿಯಬೇಕಾಯಿತು, ಅದನ್ನು ನಮ್ಮವರು ಕಥೆಯಲ್ಲಿ ಹೇಳದೆ ಬಿಡುತ್ತಾರೆ, ನಾನು ಬಿಡುವುದಿಲ್ಲ. ಓರಿಕ್ ಚಳಿಗಾಲ ದಾಟಿದಳು, ಹಡಗೂ ಬಂತು, ಅವಳು ಹತ್ತಲಿಲ್ಲ. ಸಾಯುವವರೆಗೂ ಪ್ರತಿ ಹಡಗಿಗೆ ದಡಕ್ಕಿಳಿದು ಹೊಸಬರನ್ನು ಮನೆಗೆ ಕರೆತರುತ್ತಿದ್ದಳು. ಇದು ನಿಮ್ಮೂರೇ ಅಮ್ಮ ಎಂದು ಯಾರಾದರೂ ಕೇಳಿದರೆ, "ನನ್ನದಲ್ಲಪ್ಪ. ನಮ್ಮ ಮನೆಯವಳೊಬ್ಬಳನ್ನು ತವರಿಗೆ ಬಿಟ್ಟುಹೋಗಲು ಬಂದೆ, ಉಳಿದುಬಿಟ್ಟೆ," ಎನ್ನುತ್ತಿದ್ದಳಂತೆ.